ಅಪ್‌ಡೇಟ್: ಕೆಳಗಿನ ಮನೆಗೆ ಇಳಿಯುತ್ತಿದ್ದ ಬೇಸ್ ಹತೋಟಿಗೆ ಬಂತು

ಸಬ್‌ವೂಫರ್ (ಬೇಸ್‌ಗೆಂದೇ ಇರುವ ಸ್ಪೀಕರ್ ಡಬ್ಬ) ಅಡಿಗೆ ದಪ್ಪ ಫೋಮ್ ಹಾಕಿದರೆ ಕೆಳಗಿನ ಮನೆಗೆ ಬೇಸ್ ಹೋಗುವುದು ನಿಲ್ಲುತ್ತದಾ ಅಂತ ಕೇಳಿದ್ದೆ. ಅದರಿಂದ ಅರ್ಧ ಕೆಲಸ ಅಷ್ಟೇ. ಫೋಮ್, ರಬ್ಬರ್ ಪಾದಗಳು ತಡೆಯುವುದು ಡಬ್ಬದಿಂದ ನೇರ ನೆಲಕ್ಕೆ ಇಳಿಯುವ ಅದುರನ್ನು. ಗಾಳಿಯಲ್ಲಿ ಹೋಗಿ ಗೋಡೆ, ನೆಲವನ್ನೇ ಅಲುಗಿಸುವ ಬೇಸ್‌ಗೆ ಅವು ಲೆಕ್ಕಕ್ಕಿಲ್ಲ. ಗೋಡೆಗೆ ಅಂಟಿಸುವ ಎರಡಿಂಚಿನ ಫೋಮ್ ಅಂತೂ ದಂಡ: 50 ಹರ್ಟ್ಸ್ ಅಲೆಯ ಉದ್ದ ಸುಮಾರು 6.9 ಮೀಟರ್!

ನಿಜವಾಗಿ ಕೈಹಿಡಿದಿದ್ದು ಈಕ್ವಲೈಸರ್, ಅಂದರೆ ಬೇಕಾದ ಕಂಪನಾಂಕದ ಸದ್ದನ್ನಷ್ಟೇ ಏರಿಸಿ ಇಳಿಸುವ ಸೌಲಭ್ಯ. ಕೋಣೆಯ ಉದ್ದ 3.6 ಮೀಟರ್. ಶಬ್ದದ ವೇಗ (ಸೆಕೆಂಡಿಗೆ 343 ಮೀಟರ್) ಅನ್ನು ಅದರ ಎರಡರಷ್ಟರಿಂದ ಭಾಗಿಸಿದರೆ ಸುಮಾರು 48 ಹರ್ಟ್ಸ್; ಕೋಣೆ ತಾನೇ ಗುಂಯ್‌ಗುಟ್ಟಿ ಬೇಸ್ ಉಬ್ಬಿಸುವುದು ಅಲ್ಲಿ. ಅಳತೆಯ ಮೈಕ್ ಇಟ್ಟು ಆರ್‌ಇಡಬ್ಲ್ಯೂನಲ್ಲಿ (ಕೋಣೆಯ ಸದ್ದು ಅಳೆಯುವ ಸಾಫ್ಟ್‌ವೇರ್) ಸ್ವೀಪ್, ಅಂದರೆ ಕೆಳಗಿನಿಂದ ಮೇಲಕ್ಕೆ ಏರುವ ಟೋನ್, ಓಡಿಸಿದರೆ ಗ್ರಾಫ್‌ನಲ್ಲಿ ಗುಡ್ಡ ಎದ್ದಿದ್ದೂ ಅಲ್ಲೇ. ಅಲ್ಲಿ 8 ಡಿಬಿ (ಡೆಸಿಬೆಲ್) ಇಳಿಸಿದೆ, ಕ್ಯೂ 5 (ಕ್ಯೂ ಹೆಚ್ಚಿದಷ್ಟೂ ಇಳಿಸುವ ಪಟ್ಟಿ ಕಿರಿದು). ಜೊತೆಗೆ 35 ಹರ್ಟ್ಸ್‌ಗೆ ಹೈಪಾಸ್, ಅಂದರೆ ಅದಕ್ಕಿಂತ ಕೆಳಗಿನ ಸದ್ದನ್ನು ತಗ್ಗಿಸುವ ಫಿಲ್ಟರ್. ಗ್ರಾಫ್‌ನಲ್ಲಿ ಆಳವಾದ ತಗ್ಗು ಕಂಡರೆ ಬೂಸ್ಟ್ ಮಾಡಲು ಹೋಗಬೇಡಿ; ನೀವು ಕೂತಲ್ಲಿ ಅದು ತುಂಬುವುದಿಲ್ಲ, ಕೊಟ್ಟ ಪವರ್ ಪಕ್ಕದ ಮನೆಯ ಪಾಲು.

ಸಬ್ ಈಗ ಮೂಲೆ ಬಿಟ್ಟು ಸೋಫಾ ಪಕ್ಕ, ಕಿವಿಯಿಂದ ಒಂದು ಮೀಟರ್ ದೂರದಲ್ಲಿದೆ. ಹತ್ತಿರವಿದ್ದರೆ ಕಡಿಮೆ ವಾಲ್ಯೂಮ್ ಸಾಕು. ಕ್ರಾಸ್‌ಓವರ್ (ಸಬ್ ಮತ್ತು ಉಳಿದ ಸ್ಪೀಕರ್‌ಗಳ ನಡುವೆ ಸದ್ದು ಹಂಚುವ ಗಡಿ) 80 ಹರ್ಟ್ಸ್ ದಾಟಿಸಬೇಡಿ, ಬೇಸ್ ಪಕ್ಕದಿಂದ ಬರುತ್ತಿರುವುದು ಗೊತ್ತಾಗಿಬಿಡುತ್ತದೆ. ಜಾಗ ಬದಲಿಸಿದ ಮೇಲೆ 80 ಹರ್ಟ್ಸ್ ಟೋನ್ ಹಾಕಿ, ಸಬ್‌ನ ಫೇಸ್ ಸ್ವಿಚ್ಚನ್ನು (ಸಬ್‌ನ ಅಲೆ ಉಳಿದ ಸ್ಪೀಕರ್‌ಗಳ ಅಲೆಗೆ ಹೊಂದುವಂತೆ ತಿರುಗಿಸುವುದು) ಸದ್ದು ಜೋರಾಗುವ ಕಡೆಗೆ ಬಿಡಿ.

ಆಂಪ್‌ನ ಲೌಡ್‌ನೆಸ್ ಬಟನ್ ಆಫ್ ಇರಲಿ. ವಾಲ್ಯೂಮ್ ತಗ್ಗಿಸಿದಾಗಲೇ ಅದು ಬೇಸ್ ಏರಿಸುವುದು. ಸಿನಿಮಾಗೆ ನೈಟ್ ಮೋಡ್ (ಜೋರು ಸದ್ದು, ಮೆಲು ಸದ್ದಿನ ಅಂತರ ತಗ್ಗಿಸುವ ಸೆಟ್ಟಿಂಗ್) ಸಾಕು.