ಜೀಪಿಗೂ ದೋಣಿಗೂ ಒಂದೇ ರಿಮೋಟ್ ಸರ್ಚ್‌ಲೈಟ್ ಸಾಕಾ?

ರಾತ್ರಿಪಯಣಿ: ಎರಡು ತಗೊಳ್ಳೋ ಬದಲು, ಮ್ಯಾಗ್ನೆಟ್ ಬುಡದ ಒಂದನ್ನೇ ಎರಡಕ್ಕೂ ಬಳಸಬಹುದಾ? ಎರಡರಲ್ಲೂ 12 ವೋಲ್ಟ್ ಬ್ಯಾಟರಿಯೇ ಇದೆ.

ವೈರಿಂಗ್‌ಮಾವ: ಉರಿಯುತ್ತದೆ, ಆದರೆ ಫೈಬರ್ ದೋಣಿಗೆ ಮ್ಯಾಗ್ನೆಟ್ ಅಂಟೋದಿಲ್ಲ ಅಲ್ವಾ! ದಿಕ್ಸೂಚಿ ಹತ್ತಿರ ಇಟ್ಟರೆ ಅದರ ಮುಳ್ಳೂ ತಪ್ಪು ದಿಕ್ಕು ತೋರಿಸುತ್ತದೆ. ದೋಣಿಗೆ ಬೋಲ್ಟ್ ಹಾಕಿ ಕೂರಿಸೋದನ್ನೇ ತಗೊಳ್ಳಿ. 100 ವ್ಯಾಟ್ ಹ್ಯಾಲೊಜೆನ್ ಆದರೆ 8 ಆಂಪಿಯರ್‌ಗಿಂತ ಜಾಸ್ತಿ ಎಳೆಯುತ್ತದೆ, ತೆಳು ವೈರ್ ಬಿಸಿಯಾಗುತ್ತದೆ, ಹಾಗಾಗಿ ದಪ್ಪ ವೈರ್ ಹಾಕಿ, ಬ್ಯಾಟರಿ ಪಕ್ಕದಲ್ಲೇ ಫ್ಯೂಸ್ ಇರಲಿ.

ನೀರ್‌ದಾರಿ: ಕೂರಿಸೋ ಜಾಗ ನೋಡಿಕೊಳ್ಳಿ. ಬೆಳಕು ದೋಣಿಯ ಮೂತಿಗೇ ಬಿದ್ದರೆ ಕಣ್ಣು ಕುಕ್ಕಿ ಮುಂದಿನ ನೀರೇ ಕಾಣೋದಿಲ್ಲ. ಮಂಜಿನಲ್ಲಂತೂ ಬರೀ ಬಿಳಿ ಗೋಡೆ. ಎದುರು ಬರುವವರ ಕಣ್ಣಿಗೆ ಬಿಡಲೇಬೇಡಿ.

ರಾತ್ರಿಪಯಣಿ: ರಿಮೋಟ್ ನೀರಿಗೆ ಬಿದ್ದರೆ?

ವೈರಿಂಗ್‌ಮಾವ: ಅದಕ್ಕೇ ತಂತಿಯ ಸ್ವಿಚ್ಚೂ ಜೊತೆಗಿರೋದನ್ನ ಹುಡುಕಿ.