ದುಡಿಯುವವರು ಹೊರಟುಹೋದ ದೇಶದ ಸಾಲವನ್ನು ತೀರಿಸುವವರು ಯಾರು? (ಯೂರೋ ವಲಯ: ಯೂರೋ ಎಂಬ ಒಂದೇ ಕರೆನ್ಸಿ ಬಳಸುವ ಐರೋಪ್ಯ ದೇಶಗಳು)

ಮಲೆನಾಡಿಗ:
ನಾನು ಪದವಿಪೂರ್ವ ಕಾಲೇಜಿನಲ್ಲಿ ಅರ್ಥಶಾಸ್ತ್ರದ ಉಪನ್ಯಾಸಕ. ಯೂರೋ ಕುರಿತು ಪಾಠ ಮಾಡುವಾಗಲೆಲ್ಲ ಒಂದೇ ವಿವರಣೆಯನ್ನು ಕೊಡುತ್ತ ಬಂದಿದ್ದೇನೆ: ಸ್ವಂತ ಕರೆನ್ಸಿ ಇರುವ ದೇಶವು ಕಷ್ಟಕಾಲದಲ್ಲಿ ಅದನ್ನು ಅಪಮೌಲ್ಯಗೊಳಿಸಿ (ಬೇರೆ ಕರೆನ್ಸಿಗಳೆದುರು ಅದರ ಬೆಲೆ ಇಳಿಸಿ) ರಫ್ತನ್ನು ಹೆಚ್ಚಿಸಿಕೊಳ್ಳಬಹುದು, ಡ್ರಾಕ್ಮಾ, ಲೀರಾಗಳನ್ನು ಬಿಟ್ಟುಕೊಟ್ಟ ಗ್ರೀಸ್, ಇಟಲಿಗಳಿಗೆ ಆ ದಾರಿ ಮುಚ್ಚಿರುವುದರಿಂದ ಸಂಬಳ ಮತ್ತು ಪಿಂಚಣಿಗಳಿಗೇ ಕತ್ತರಿ ಬೀಳುತ್ತದೆ. ಈ ವರ್ಷ ಒಬ್ಬ ವಿದ್ಯಾರ್ಥಿನಿ ಎದ್ದು ನಿಂತು, "ಸಂಬಳ ಇಳಿಸಿದರೆ ವಯಸ್ಸಿನ ಹುಡುಗರೆಲ್ಲ ಜರ್ಮನಿಗೆ ಹೋಗುವುದಿಲ್ಲವೇ ಸರ್? ಆಮೇಲೆ ಅಲ್ಲಿನ ಸಾಲ ಕಟ್ಟುವವರು ಯಾರು?" ಎಂದು ಕೇಳಿದಳು. ಕಾರ್ಮಿಕರ ವಲಸೆ ಏಕ ಕರೆನ್ಸಿಯ ಸಮಸ್ಯೆಗೆ ಮದ್ದು ಎಂದು ಅದೇ ತರಗತಿಯಲ್ಲಿ ಹತ್ತು ನಿಮಿಷಗಳ ಹಿಂದಷ್ಟೇ ಹೇಳಿದ್ದ ನನಗೆ ಉತ್ತರ ಹೊಳೆಯಲಿಲ್ಲ. ತಿಳಿದವರು ವಿವರಿಸಬೇಕಾಗಿ ವಿನಂತಿ.

ಲೆಕ್ಕದ ಪುಟ:
ನಿಮ್ಮ ವಿದ್ಯಾರ್ಥಿನಿ ಸರಿಯಾದ ಜಾಗಕ್ಕೇ ಕೈ ಹಾಕಿದ್ದಾಳೆ. ಅರ್ಥಶಾಸ್ತ್ರಜ್ಞ ರಾಬರ್ಟ್ ಮಂಡೆಲ್ 1961ರಲ್ಲಿ ಮಂಡಿಸಿದ ವಾದದಲ್ಲಿ, ಕೆಲಸವಿಲ್ಲದ ಪ್ರದೇಶದಿಂದ ಕೆಲಸವಿರುವ ಪ್ರದೇಶಕ್ಕೆ ಜನ ಸರಾಗವಾಗಿ ಹೋಗುವಂತಿದ್ದರೆ ಎರಡಕ್ಕೂ ಒಂದೇ ಕರೆನ್ಸಿ ಸಾಕಾಗುತ್ತದೆ. ಆದರೆ ಹೋದವನ ಹಿಂದೆ ಉಳಿಯುವ ಸರ್ಕಾರಿ ಸಾಲ ಮತ್ತು ವಯಸ್ಸಾದ ತಂದೆತಾಯಿಯರು ಆ ಲೆಕ್ಕದೊಳಗೆ ಬರುವುದಿಲ್ಲ.

ಗ್ರೀಸ್ ಯೂರೋ ಸೇರಿದ್ದು 2001ರಲ್ಲಿ. ಹಿಂದೆ ತೋರಿಸಿದ್ದಕ್ಕಿಂತ ವಿತ್ತೀಯ ಕೊರತೆ (ಸರ್ಕಾರದ ಆದಾಯವನ್ನು ಮೀರಿದ ಖರ್ಚು) ಬಹಳ ದೊಡ್ಡದೆಂದು 2009ರ ಅಕ್ಟೋಬರ್‌ನಲ್ಲಿ ಹೊಸ ಸರ್ಕಾರ ಒಪ್ಪಿಕೊಂಡಿತು. 2010ರ ಮೇ ತಿಂಗಳಲ್ಲಿ 11,000 ಕೋಟಿ ಯೂರೋಗಳ ಮೊದಲ ನೆರವಿನ ಸಾಲ ಬಂತು, ಜೊತೆಗೆ ಕಡಿತಗಳ ಪಟ್ಟಿಯೂ ಬಂತು. ಮುಂದಿನ ಕೆಲವೇ ವರ್ಷಗಳಲ್ಲಿ ಆರ್ಥಿಕತೆಯ ನಾಲ್ಕನೇ ಒಂದು ಭಾಗ ಕರಗಿಹೋಯಿತು. 2013ರಲ್ಲಿ ನಿರುದ್ಯೋಗ 27% ದಾಟಿತ್ತು, ಯುವಜನರಲ್ಲಂತೂ ಅರ್ಧಕ್ಕಿಂತ ಹೆಚ್ಚು. ಬಿಕ್ಕಟ್ಟಿನ ವರ್ಷಗಳಲ್ಲಿ ದೇಶ ಬಿಟ್ಟ 4 ಲಕ್ಷಕ್ಕೂ ಹೆಚ್ಚು ಜನರಲ್ಲಿ ವೈದ್ಯರು, ಎಂಜಿನಿಯರುಗಳು ಬಹಳ ಮಂದಿ, ಅಂದರೆ ಗ್ರೀಕ್ ಬೊಕ್ಕಸದ ಖರ್ಚಿನಲ್ಲಿ ಓದಿ ಜರ್ಮನ್ ಬೊಕ್ಕಸಕ್ಕೆ ತೆರಿಗೆ ಕಟ್ಟತೊಡಗಿದವರು. 2012ರಲ್ಲಿ ಖಾಸಗಿ ಬಾಂಡ್‌ದಾರರು (ಸರ್ಕಾರದ ಸಾಲಪತ್ರ ಕೊಂಡವರು) ಸುಮಾರು 10,000 ಕೋಟಿ ಯೂರೋಗಳಷ್ಟು ಸಾಲವನ್ನು ಬಿಟ್ಟುಕೊಟ್ಟರು, ಆದರೂ 2014ರ ಹೊತ್ತಿಗೆ ಸಾಲ ಜಿಡಿಪಿಯ (ದೇಶದ ಒಂದು ವರ್ಷದ ಒಟ್ಟು ಉತ್ಪನ್ನದ) ಸುಮಾರು 180% ಆಗಿತ್ತು. ಭಾಗಿಸುವ ಸಂಖ್ಯೆಯೇ, ಅಂದರೆ ಜಿಡಿಪಿಯೇ ಕುಗ್ಗುತ್ತಿದ್ದರೆ ಎಷ್ಟು ತೀರಿಸಿದರೂ ಅನುಪಾತ ಇಳಿಯುವುದಿಲ್ಲ.

ಸ್ಟುಟ್‌ಗಾರ್ಟ್ ಕನ್ನಡಿಗ:
ಜರ್ಮನಿಯ ಕಡೆಯಿಂದ ಇದು ಹೇಗೆ ಕಾಣುತ್ತದೆ ಎಂಬುದನ್ನು ನನ್ನ ಸಂಬಳದ ಚೀಟಿಯಿಂದಲೇ ಹೇಳುತ್ತೇನೆ. ಪಿಂಚಣಿ ವಿಮೆಗೆ ನನ್ನಿಂದ 9.3%, ಕಂಪನಿಯಿಂದ ಮತ್ತೆ 9.3% ಹೋಗುತ್ತದೆ. ಈ ಹಣ ನನ್ನ ಹೆಸರಿನಲ್ಲಿ ಕೂಡಿಡುವ ಗಂಟಲ್ಲ; ಈ ತಿಂಗಳು ಬಂದದ್ದು ಈಗಿನ ವೃದ್ಧರ ಪಿಂಚಣಿಗೇ ಸಂದುಹೋಗುತ್ತದೆ. ವೃದ್ಧಾಪ್ಯದ ಆರೈಕೆಯ ವಿಮೆಯಲ್ಲಿ ಮಕ್ಕಳಿಲ್ಲದವರಿಗೆ 0.6% ಹೆಚ್ಚುವರಿ ಕಡಿತವಿದೆ, ಮಗಳ ಜನನ ಪ್ರಮಾಣಪತ್ರವನ್ನು ಕಚೇರಿಗೆ ಕೊಟ್ಟ ಮೇಲೆ ನನ್ನ ಚೀಟಿಯಿಂದ ಆ ಸಾಲು ಮಾಯವಾಯಿತು. ಜನಸಂಖ್ಯೆಯ ಚಿಂತೆ ಇಷ್ಟು ನೇರವಾಗಿ ಸಂಬಳದ ಚೀಟಿಗೆ ಇಳಿದದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ನನ್ನ ಪಕ್ಕದ ಮೇಜಿನಲ್ಲಿರುವವನು ಗ್ರೀಸಿನ ಥೆಸಲೊನೀಕಿ ನಗರದವನು, ತಂದೆ ನಿವೃತ್ತ ಶಿಕ್ಷಕ. ಮಗ ಕಟ್ಟುವ ವಂತಿಗೆ ಜರ್ಮನ್ ವೃದ್ಧರಿಗೆ ಹೋಗುತ್ತದೆ. ತಂದೆಯ ಪಿಂಚಣಿಗೆ ಮೇಲಿಂದ ಮೇಲೆ ಕತ್ತರಿ ಬಿದ್ದಿದ್ದರಿಂದ ಮಗ ಪ್ರತಿ ತಿಂಗಳು ಮನೆಗೂ ಹಣ ಕಳಿಸುತ್ತಾನೆ. ಕಳಿಸುವಾಗ ವಿನಿಮಯ ಶುಲ್ಕವಿಲ್ಲದಿರುವುದೇ ಯೂರೋ ತನಗೆ ಮಾಡಿದ ಉಪಕಾರ ಎಂದು ನಗುತ್ತಾನೆ.

ಹಾಗೆಂದು ಜರ್ಮನಿ ನಿಶ್ಚಿಂತವಾಗಿಯೇನೂ ಇಲ್ಲ. 1964ರಲ್ಲಿ ಎರಡು ಜರ್ಮನಿಗಳಲ್ಲಿ ಸೇರಿ 13 ಲಕ್ಷಕ್ಕೂ ಹೆಚ್ಚು ಮಕ್ಕಳು ಹುಟ್ಟಿದ್ದರು; ಆ ತಲೆಮಾರು ಈಗ ನಿವೃತ್ತಿಯ ಬಾಗಿಲಲ್ಲಿದೆ. ವಂತಿಗೆ ಸಾಲದೆ ಕೇಂದ್ರ ಬಜೆಟ್‌ನಿಂದ ವರ್ಷಕ್ಕೆ 10,000 ಕೋಟಿ ಯೂರೋಗೂ ಮಿಕ್ಕಿ ಪಿಂಚಣಿಗೆ ಹೋಗುತ್ತಿದೆ. ದಕ್ಷಿಣದ ಯುವಕರು ಬಾರದೇ ಹೋಗಿದ್ದರೆ ಇನ್ನೂ ಕಷ್ಟವಾಗುತ್ತಿತ್ತು ಎಂಬುದನ್ನು ಇಲ್ಲಿ ಯಾರೂ ದೊಡ್ಡ ದನಿಯಲ್ಲಿ ಹೇಳುವುದಿಲ್ಲ, ಅಷ್ಟೇ.

ತಕರಾರುಗಾರ:
ಎಲ್ಲವನ್ನೂ ಯೂರೋ ತಲೆಗೆ ಕಟ್ಟುವುದನ್ನು ನಾನು ಒಪ್ಪುವುದಿಲ್ಲ. ಇಟಲಿಯ ಫಲವಂತಿಕೆ ದರ (ಒಬ್ಬ ಮಹಿಳೆಗೆ ಸರಾಸರಿ ಮಕ್ಕಳ ಸಂಖ್ಯೆ) 1995ರಲ್ಲಿಯೇ 1.2ರ ಆಸುಪಾಸಿಗೆ ಇಳಿದಿತ್ತು, ಆಗ ಚಲಾವಣೆಯಲ್ಲಿದ್ದದ್ದು ಲೀರಾ. 2024ರಲ್ಲಿ ಅದು 1.18; ಇಡೀ ದೇಶದಲ್ಲಿ ಹುಟ್ಟಿದ ಮಕ್ಕಳು ಸುಮಾರು 3.7 ಲಕ್ಷ. ಸ್ವಂತ ಕರೆನ್ಸಿ ಇರುವ ಜಪಾನಿಗೂ ಮುಪ್ಪು ಬರಲಿಲ್ಲವೇ? 2026ರ ಜನವರಿ 1ರಂದು ಯೂರೋ ಸೇರಿದ ಬಲ್ಗೇರಿಯದ ಜನಸಂಖ್ಯೆ 1980ರ ದಶಕದ ಕೊನೆಯಲ್ಲಿ ಸುಮಾರು 90 ಲಕ್ಷವಿತ್ತು, ಸೇರುವ ಹೊತ್ತಿಗೆ 65 ಲಕ್ಷದ ಹತ್ತಿರಕ್ಕೆ ಬಂದಿತ್ತು.

ಯೂರೋ ಮಾಡಿದ್ದು ಬೇರೆ. ಲೀರಾ ಕಾಲದಲ್ಲಿ ಎರಡಂಕಿಯ ಬಡ್ಡಿ ತೆರುತ್ತಿದ್ದ ಇಟಲಿಗೆ ಜರ್ಮನಿಯ ಹತ್ತಿರ ಹತ್ತಿರದ ದರದಲ್ಲಿ ಸಾಲ ಸಿಕ್ಕಿತು, ಆ ಸುಲಭದ ವರ್ಷಗಳಲ್ಲಿ ಪಿಂಚಣಿಯನ್ನು ಸರಿಪಡಿಸದೆ ರೋಮ್ ಕಾಲ ಕಳೆಯಿತು. 2011ರ ನವೆಂಬರ್‌ನಲ್ಲಿ ಎರಡೂ ದೇಶಗಳ ಬಾಂಡ್ ಬಡ್ಡಿಯ ಅಂತರ ಶೇಕಡಾ 5 ಅಂಶಗಳನ್ನು ದಾಟಿದ ಮೇಲಷ್ಟೇ ಎಚ್ಚರವಾಯಿತು. ಮರುತಿಂಗಳು ಸಚಿವೆ ಎಲ್ಸಾ ಫೋರ್ನೆರೊ ಪಿಂಚಣಿ ಸುಧಾರಣೆಯನ್ನು ಪ್ರಕಟಿಸುತ್ತ, "ತ್ಯಾಗ" ಎಂಬ ಪದ ಬಾಯಿಂದ ಹೊರಡದೆ ಪತ್ರಕರ್ತರ ಎದುರೇ ಕಣ್ಣೀರಾದರು. ಮೊದಲೇ ನಿಧಾನವಾಗಿ ಮಾಡಬಹುದಾಗಿದ್ದ ಕೆಲಸವದು.

ಲೆಕ್ಕದ ಪುಟ:
ಮುಪ್ಪಿಗೆ ಯೂರೋ ಕಾರಣವಲ್ಲ, ಒಪ್ಪಿದೆ. ಆದರೆ ಜಪಾನಿನ ಯುವಕ ಹಳ್ಳಿ ಬಿಟ್ಟು ಟೋಕಿಯೊಗೆ ಹೋದರೂ ಅವನ ತೆರಿಗೆ ಸೇರುವುದು ಜಪಾನಿನ ಸಾಲ ಹೊತ್ತ ಬೊಕ್ಕಸಕ್ಕೇ. ರೂಪಾಯಿಯೂ ಹಾಗೆಯೇ: ಬಿಹಾರದ ಹುಡುಗ ಬೆಂಗಳೂರಿನಲ್ಲಿ ದುಡಿದ ತೆರಿಗೆಯ ಒಂದು ಪಾಲು ಹಣಕಾಸು ಆಯೋಗದ ಸೂತ್ರದ ಮೂಲಕ ಬಿಹಾರಕ್ಕೆ ಮರಳುತ್ತದೆ. 15ನೇ ಆಯೋಗದಲ್ಲಿ ಕೇಂದ್ರ ತೆರಿಗೆಯ ಹಂಚಿಕೆಯಲ್ಲಿ ಕರ್ನಾಟಕದ ಪಾಲು 4.713%ನಿಂದ 3.647%ಗೆ ಇಳಿದಾಗ ನಾವೆಲ್ಲ ಕೂಗಾಡಿದೆವು, ಅದು ಬೇರೆ ಚರ್ಚೆ. ಕೂಗಾಡುವುದಕ್ಕೆ ಒಂದು ಸೂತ್ರವಾದರೂ ಇದೆ. ಅಲ್ಲಿ ಹಾಗೆ ಹಂಚಲು ಇರುವ ಐರೋಪ್ಯ ಒಕ್ಕೂಟದ ಬಜೆಟ್ ಸದಸ್ಯ ದೇಶಗಳ ಒಟ್ಟು ಆದಾಯದ ಸುಮಾರು 1% ಮಾತ್ರ. ಕೋವಿಡ್ ಕಾಲದಲ್ಲಿ ಎಲ್ಲರೂ ಒಟ್ಟಾಗಿ ಸಾಲವೆತ್ತಿ ಕಟ್ಟಿದ 75,000 ಕೋಟಿ ಯೂರೋ ನಿಧಿಯಲ್ಲಿ ಇಟಲಿಗೆ ಅತಿ ದೊಡ್ಡ ಪಾಲು ದೊರೆಯಿತು ನಿಜ, ಆದರೆ ಅದನ್ನು ಒಂದು ಬಾರಿಯ ಏರ್ಪಾಡೆಂದೇ ಕರೆದರು.

ಮಲೆನಾಡಿಗ:
ಎಲ್ಲರಿಗೂ ಧನ್ಯವಾದ. ಮುಂದಿನ ತರಗತಿಯನ್ನು ಆ ಸಂಬಳದ ಚೀಟಿಯಿಂದಲೇ ಆರಂಭಿಸುತ್ತೇನೆ. ಒಂದು ಸಂದೇಹ ಉಳಿದಿದೆ: ನಿಮ್ಮ ಥೆಸಲೊನೀಕಿಯ ಗೆಳೆಯರಿಗೆ ಊರಿಗೆ ಮರಳುವ ಯೋಚನೆ ಇದೆಯೇ?

ಸ್ಟುಟ್‌ಗಾರ್ಟ್ ಕನ್ನಡಿಗ:
ಇಂದು ಊಟದ ಹೊತ್ತಿನಲ್ಲಿ ಕೇಳಿದೆ. ಖಂಡಿತ ಮರಳುತ್ತಾನಂತೆ, 67 ತುಂಬಿ ಜರ್ಮನ್ ಪಿಂಚಣಿ ಶುರುವಾದ ಮೇಲೆ.