ಪದಚರ್ಚೆ: ‘ಸೈಕೋಸ್ಟೇಸಿಯಾ’ಗೆ ಕನ್ನಡದಲ್ಲಿ ಏನನ್ನೋಣ?

ಪ್ರಶ್ನೆ: ಗ್ರೀಕಿನ ‘ಸೈಕೋಸ್ಟೇಸಿಯಾ’ಗೆ, ಅಂದರೆ ತೀರ್ಪಿಗಾಗಿ ಆತ್ಮಗಳನ್ನು ತಕ್ಕಡಿಯಲ್ಲಿ ತೂಗುವುದಕ್ಕೆ, ‘ಆತ್ಮ ತುಲಾಭಾರ’ ಎಂದರೆ ನಡೆಯುತ್ತದೆಯೇ? ಹಳೆಯ ಯೆಹೂದಿ, ಕ್ರೈಸ್ತ ಬರಹಗಳ ಅನುವಾದಕ್ಕೆ ಬೇಕಾಗಿದೆ.

ಉತ್ತರ: ತುಲಾಭಾರ ಬೇಡ. ಅಲ್ಲಿ ಒಂದು ತಟ್ಟೆಯಲ್ಲಿ ಹರಕೆ ಹೊತ್ತವರು, ಇನ್ನೊಂದರಲ್ಲಿ ಬೆಲ್ಲವೋ ನಾಣ್ಯವೋ ಇರುತ್ತದೆ. ಮುಳ್ಳು ನೆಟ್ಟಗಾದರೆ ಹರಕೆ ಸಂದಿತು. ತೀರ್ಪಿನ ತಕ್ಕಡಿಯಲ್ಲಿ ತಟ್ಟೆಗಳು ಸಮನಾದರೇ ತೊಡಕು.

‘ಅಬ್ರಹಾಮನ ಮರಣಶಾಸನ’ ಎಂಬ ಹಳೆಯ ಬರಹದ ದೀರ್ಘ ಗ್ರೀಕ್ ಪಾಠ ನೋಡಿ (ಅಧ್ಯಾಯ 12–14). ನ್ಯಾಯಪೀಠದಲ್ಲಿ ಆದಾಮನ ಮಗ ಹೇಬೆಲ. ಬಲಗಡೆಯ ದೂತ ಪುಣ್ಯ ಬರೆಯುತ್ತಾನೆ, ಎಡಗಡೆಯವನು ಪಾಪ. ತಕ್ಕಡಿ ಹಿಡಿದ ದೂತ ದೋಕಿಯೇಲ್, ಬೆಂಕಿಯಲ್ಲಿ ಪರೀಕ್ಷಿಸುವವನು ಪುರೂಯೇಲ್. ಒಂದು ಆತ್ಮದ ಪಾಪಪುಣ್ಯ ಸರಿಸಮವಾಗುತ್ತದೆ. ಅದನ್ನು ಅತ್ತಲೂ ಕಳಿಸದೆ ಇತ್ತಲೂ ಕಳಿಸದೆ ನಡುವೆ ನಿಲ್ಲಿಸುತ್ತಾರೆ. ಇನ್ನೊಂದೇ ಒಂದು ಪುಣ್ಯ ಸಾಕಿತ್ತು. ಅಬ್ರಹಾಮನೂ ಪ್ರಧಾನದೂತ ಮಿಕಾಯೇಲನೂ ಪ್ರಾರ್ಥಿಸಿದ ಮೇಲೆ ಅದು ಪಾರಾಗುತ್ತದೆ. ಗಮನಿಸಿ, ಅಧ್ಯಾಯ 12 ‘ಆತ್ಮಗಳನ್ನು ತೂಗಿದ’ ಎಂದರೂ 13ರ ವಿವರಣೆಯಲ್ಲಿ ತಕ್ಕಡಿಗೆ ಬೀಳುವುದು ಕೃತ್ಯಗಳು. ಹನೋಕನ ಮೊದಲ ಪುಸ್ತಕದಲ್ಲೂ (41:1) ಕೃತ್ಯಗಳೇ. ‘ಆತ್ಮ’ವನ್ನೇ ತೂಗುವ ಮಾತು ಜ್ಞಾನೋಕ್ತಿ 16:2ರಲ್ಲೂ ಇದೆ: ಹೀಬ್ರೂವಿನ ‘ತೋಖೇನ್ ರೂಖೋತ್’, ಆತ್ಮಗಳನ್ನು ತೂಗುವವನು. ಅಲ್ಲಿಯೂ ‘ಅಂತರಂಗ’ ಎಂದರೆ ಅರ್ಥ ಸಲೀಸು.

ಈ ಸರಿಸಮದವರಿಗೆ ರಬ್ಬಿಗಳು, ಅಂದರೆ ಯೆಹೂದಿ ಧರ್ಮಗುರುಗಳು, ‘ಬೇನೋನೀಮ್’, ನಡುವಿನವರು, ಎನ್ನುತ್ತಾರೆ. ದೇವರು ಕರುಣೆಯ ಕಡೆಗೇ ತಕ್ಕಡಿ ವಾಲಿಸುತ್ತಾನೆಂದು ಹಿಲ್ಲೆಲ್ ಪಂಥದ ಮತ. ಹೇಗೆ ವಾಲಿಸುತ್ತಾನೆ? ರಬ್ಬಿಗಳ ಚರ್ಚೆಗಳ ಸಂಗ್ರಹವಾದ ತಾಲ್ಮುದಿನಲ್ಲಿ (ರೋಶ್ ಹಶಾನಾ 17ಎ) ಒಬ್ಬರು ‘ಕೋವೇಶ್’, ಅದುಮುತ್ತಾನೆ, ಎಂದರೆ ಇನ್ನೊಬ್ಬರು ‘ನೋಸೇ’, ಎತ್ತುತ್ತಾನೆ, ಎನ್ನುತ್ತಾರೆ. ಅದುಮುವುದು ಪುಣ್ಯದ ತಟ್ಟೆ, ಎತ್ತುವುದು ಪಾಪದ್ದು. ‘ನೋಸೇ’ಗೆ ಕ್ಷಮಿಸು ಎಂಬ ಅರ್ಥವೂ ಉಂಟು, ‘ಎತ್ತು’ ಎಂದಷ್ಟೇ ಬರೆದರೆ ಆ ಶ್ಲೇಷೆ ಹೋಯಿತು, ಅಡಿಟಿಪ್ಪಣಿ ಹಾಕಲೇಬೇಕು.

ಅನುವಾದಕರು ಹೆಚ್ಚಾಗಿ ಎಡವುವುದು ಭಾರ, ಹಗುರಗಳಲ್ಲಿ. ದಾನಿಯೇಲ 5:27ರ ‘ತೆಕೇಲ್’ (ತೂಗಿದಾಗ ಕಡಿಮೆ ಬಂದೆ) ಪ್ರಸಂಗದಲ್ಲೂ ಕೀರ್ತನೆ 62:9ರಲ್ಲೂ ಹಗುರವಾಗುವುದೇ ಸೋಲು. ಹೋಮರನ ‘ಇಲಿಯಡ್’ನಲ್ಲಿ ಕೆಳಗಿಳಿದ ತಟ್ಟೆ ಹೆಕ್ಟರನ ಸಾವು. ಯಾಜ್ಞವಲ್ಕ್ಯ ಸ್ಮೃತಿಯ ತುಲಾದಿವ್ಯದಲ್ಲಿ, ಅಂದರೆ ಆರೋಪಿಯನ್ನು ತಕ್ಕಡಿಯಲ್ಲಿ ತೂಗುವ ಪರೀಕ್ಷೆಯಲ್ಲಿ, ಮೇಲೇರಿದವನು ನಿರ್ದೋಷಿ. ಕ್ರೈಸ್ತ ಚಿತ್ರಗಳಲ್ಲೇ ಒಮ್ಮತವಿಲ್ಲ: ಗ್ದಾನ್‌ಸ್ಕ್‌ನಲ್ಲಿರುವ ಮೆಮ್ಲಿಂಗನ ‘ಅಂತಿಮ ತೀರ್ಪು’ ಚಿತ್ರದಲ್ಲಿ ಪುಣ್ಯವಂತನ ತಟ್ಟೆ ಕೆಳಗೆ, ಫ್ರಾನ್ಸಿನ ಬೋನ್ ಊರಿನಲ್ಲಿರುವ ವಾನ್ ಡೆರ್ ವೇಡನ್ನನ ಚಿತ್ರದಲ್ಲಿ ಪಾಪಿಯದು ಕೆಳಗೆ. ಕನ್ನಡವೂ ಇದರಲ್ಲಿ ಇಬ್ಬಗೆಯದೇ: ‘ತೂಕದ ಮನುಷ್ಯ’ ಹೊಗಳಿಕೆ, ‘ಪಾಪದ ಹೊರೆ’ ಅಲ್ಲ, ‘ಮನಸ್ಸು ಹಗುರಾಯಿತು’ ಒಳ್ಳೆಯದು, ‘ಹಗುರವಾಗಿ ಮಾತಾಡಿದ’ ಅಲ್ಲ. ಹಾಗಾಗಿ ಬರೀ ‘ಭಾರವಾಯಿತು’ ಎನ್ನದೆ ಯಾವ ತಟ್ಟೆ ಇಳಿಯಿತು ಎಂದು ಬಿಡಿಸಿ ಬರೆಯಿರಿ.

ಶೀರ್ಷಿಕೆಗೆ ‘ಆತ್ಮಗಳ ತೂಕ’ ಸಾಕು; ಪಠ್ಯದೊಳಗೆ ‘ಕೃತ್ಯಗಳನ್ನು ತೂಗು’. ‘ತುಲನೆ’ ಈಗ ಹೋಲಿಕೆ ಎಂದೇ ಕೇಳಿಸುತ್ತದೆ, ಅದೂ ಬೇಡ. ಪ್ರಕಟನೆ 6:5ರ ತಕ್ಕಡಿಯನ್ನು ಈ ಪಟ್ಟಿಗೆ ಸೇರಿಸಬೇಡಿ. ಅದು ಬರಗಾಲದ ಗೋಧಿ ತೂಗುವ ತಕ್ಕಡಿ.